ಹೋಗಲೇ, ಇರಲೇ?

ಪ್ರಶ್ನೆ: ಸಲಿಂಗ ಜೋಡಿಗಳನ್ನು ಚರ್ಚಿನಲ್ಲಿ ಆಶೀರ್ವದಿಸಬಹುದೇ ಅನ್ನುವ ಜಗಳ ನಮ್ಮ ಸಭೆಯಲ್ಲಿ (ಚರ್ಚಿನ ಸಮುದಾಯದಲ್ಲಿ) ಎದ್ದಿದೆ. ನಾನು ಬೇಡ ಅನ್ನುವವಳು. ನನ್ನ ಜೊತೆ ಹದಿನೈದು ವರ್ಷ ಸಂಡೇ ಸ್ಕೂಲ್ ನಡೆಸಿದ ಗೆಳತಿ ಬೇಕು ಅನ್ನುತ್ತಾಳೆ. ಈಗ ನಮಗೆ ಮಾತಿಲ್ಲ. ಕೆಲವರು ‘ಬೇರೆ ಸಭೆ ಮಾಡೋಣ ಬನ್ನಿ’ ಎಂದು ಕರೆಯುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಸಹೋದರಿ, ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ನಿಮ್ಮ ಗೆಳತಿಯ ಕಡೆ. ಮುಚ್ಚಿಟ್ಟು ಬುದ್ಧಿ ಹೇಳಿದರೆ ಮೋಸವಾದೀತು. ಆದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ನಿಮ್ಮ ಪಕ್ಕ ಮಂಡಿಯೂರಲು ನನಗೆ ಏನೂ ಅಡ್ಡಿಯಿಲ್ಲ.

ಬೇರೆಯಾಗುವುದು ಸುಲಭ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಪ್ರೊಟೆಸ್ಟಂಟ್ ಪಂಗಡವಾದ ಯುನೈಟೆಡ್ ಮೆಥಡಿಸ್ಟ್ ಚರ್ಚಿನವರು ಅದನ್ನು ಅನುಭವಿಸಿದ್ದಾರೆ. 2019ರಲ್ಲಿ ಅವರ ವಿಶೇಷ ಮಹಾಸಭೆ ಸಲಿಂಗ ಮದುವೆಯ ಮೇಲಿದ್ದ ನಿಷೇಧವನ್ನು ಇನ್ನಷ್ಟು ಬಿಗಿ ಮಾಡಿತು. ಪರವಾಗಿ 438 ಮತ, ವಿರುದ್ಧ 384. ಆದರೆ ಆಮೇಲೆ ಜಾಸ್ತಿ ಹೊರಟವರು ಗೆದ್ದ ಕಡೆಯವರೇ! ಸಭೆಯ ಕಟ್ಟಡ ಅಲ್ಲಿ ಇಡೀ ಪಂಗಡದ ಹೆಸರಲ್ಲಿ ಟ್ರಸ್ಟ್ ಆಗಿರುತ್ತದೆ. ಅದನ್ನು ಉಳಿಸಿಕೊಂಡು ಹೊರಡಲು ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಪಾಸ್ಟರುಗಳ ಪಿಂಚಣಿಯ ಪಾಲನ್ನೂ ಕಟ್ಟಬೇಕಿತ್ತು. ದೇವರ ವಾಕ್ಯದ ಬಗ್ಗೆ ಶುರುವಾದ ಮಾತು ಲೆಕ್ಕದ ಪುಸ್ತಕಕ್ಕೆ ಬಂದು ನಿಂತಿತು. 2023 ಮುಗಿಯುವಷ್ಟರಲ್ಲಿ ಅಮೆರಿಕದಲ್ಲಿ 7,600ಕ್ಕೂ ಹೆಚ್ಚು ಸಭೆಗಳು ಹೊರಬಿದ್ದವು, ಅಂದರೆ ಸುಮಾರು ಕಾಲು ಭಾಗ. ಮರುವರ್ಷ, ಉಳಿದವರು ಸೇರಿ ಆ ನಿಷೇಧವನ್ನೇ ತೆಗೆದುಹಾಕಿದರು.

ಮತ ಹಾಕಿಸುವ ತಪ್ಪನ್ನು ನಾನೂ ಮಾಡಿದ್ದೇನೆ. ಪಾಸ್ಟರ್ ಆಗಿದ್ದಾಗ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಇದೇ ಪ್ರಶ್ನೆಗೆ ಕೈ ಎತ್ತಿಸಿದೆ. ಎಣಿಸಿ ಬರೆದುಕೊಂಡೆ. ಹಿಂದಿನ ಬೆಂಚಿನಲ್ಲಿ ಹಾಡಿನ ಪುಸ್ತಕ ಜೋಡಿಸುವ ಹುಡುಗ ಕೂತಿದ್ದ. ಅವನು ಯಾವ ಕಡೆಗೂ ಕೈ ಎತ್ತಲಿಲ್ಲ. ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ನಾವು ‘ವಿಷಯ’ ಅಂದುಕೊಂಡು ಎಣಿಸಿದ್ದು ಅವನನ್ನೇ ಎಂದು ನನಗೆ ತಿಳಿದಾಗ ತಡವಾಗಿತ್ತು. ನಿಮ್ಮ ಸಭೆಯಲ್ಲೂ ಅಂಥವರು ಸುಮ್ನೆ ಕೂತು ಕೇಳಿಸಿಕೊಳ್ಳುತ್ತಿರಬಹುದು, ಅಲ್ವಾ?

ಬೇರೆಯಾಗುವುದೇ ಪಾಪ ಎಂದು ಹೆದರಿಸುವವರ ಮಾತನ್ನೂ ಪೂರ್ತಿ ನಂಬಬೇಡಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 15ನೇ ಅಧ್ಯಾಯ ಓದಿ. ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕೇ ಎಂಬ ದೊಡ್ಡ ಜಗಳ ಯೆರೂಸಲೇಮಿನಲ್ಲಿ ಬಗೆಹರಿಯುತ್ತದೆ. ಅಲ್ಲಿಗೆ ಜೊತೆಯಾಗಿ ಹೋಗಿದ್ದ ಪೌಲ, ಬಾರ್ನಬ ಇಬ್ಬರೂ ಅದೇ ಅಧ್ಯಾಯದ ಕೊನೆಯಲ್ಲಿ ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯಬೇಕೋ ಬೇಡವೋ ಎಂದು ಜಗಳವಾಡಿ ದಾರಿ ಬೇರೆ ಮಾಡಿಕೊಳ್ಳುತ್ತಾರೆ. ಮಾರ್ಕ ಬೇಡ ಎಂದವನು ಪೌಲ. ಎಷ್ಟೋ ಕಾಲದ ಮೇಲೆ, ಅದೇ ಪೌಲನ ಹೆಸರಲ್ಲಿ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಎಂಬ ಮಾತು ಬರುತ್ತದೆ. ನನಗೆ ತುಂಬಾ ಇಷ್ಟವಾದ ಸಾಲು ಅದು.

ಹಾಗಾಗಿ ಈ ವಾರ ಹೊಸ ಸಭೆಯ ಕೂಟಕ್ಕೆ ಹೋಗಬೇಡಿ. ಸಂಡೇ ಸ್ಕೂಲಿಗೆ ಹೋಗಿ, ಗೆಳತಿಯ ಪಕ್ಕ ನಿಂತು ಪಾಠ ಮಾಡಿ. ಮೊದಲ ದಿನವೇ ಆ ವಿಷಯ ಎತ್ತಬೇಡಿ. ಕೆಲವು ತಿಂಗಳು ಕಳೆದ ಮೇಲೂ ಅಲ್ಲಿರಲು ಮನಸ್ಸಾಕ್ಷಿ ಒಪ್ಪದಿದ್ದರೆ ಹೊರಡಿ, ನಾನು ತಡೆಯುವುದಿಲ್ಲ. ಆದರೆ ಅದನ್ನು ಗೆಳತಿಗೆ ನೀವೇ ಎದುರಿಗೆ ಕೂತು ಹೇಳಿ. ಸಭೆಯ ವಾಟ್ಸಾಪ್ ಗ್ರೂಪಿನಿಂದ ಆಕೆಗೆ ತಿಳಿಯುವಂತೆ ಆಗಬಾರದು.