ಉಳಿದ ಊಟದ ದುಡ್ಡು ಯಾರದ್ದು?

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರ ಮಗಳು ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿದ್ದಾಳೆ. ಅಲ್ಲಿನ ಶೆರಿಫ್‌ಗಳು ಕೈದಿಗಳ ಊಟದ ಹಣ ಉಳಿಸಿ ತಾವೇ ಇಟ್ಟುಕೊಳ್ಳುತ್ತಿದ್ದರಂತೆ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇತ್ತಂತೆ. ಇದು ನಿಜವೇ, ಒಂದೊಂದು ಕೌಂಟಿಗೆ ಒಂದೊಂದು ಕಾನೂನು ಹೇಗೆ ಎಂಬುದು ಅವರ ಪ್ರಶ್ನೆ. “ಬಿಸಿಯೂಟದಲ್ಲಿ ಉಳಿದ ಒಂದು ಸೇರು ಅಕ್ಕಿ ನಾನು ಮನೆಗೆ ಒಯ್ದಿದ್ದರೆ ನನ್ನ ಗತಿ ಏನಾಗ್ತಿತ್ತು? ಇದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗಲ್ವಾ?” ಎಂದು ಕೇಳಿದ್ದಾರೆ.

ಪ್ರಿಯ ಮೇಷ್ಟ್ರೇ,

ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಬೇಲಿಯ ಗಾದೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಬೇಲಿ ತಾನಾಗಿ ಎದ್ದು ಮೇಯಲಿಲ್ಲ. ಮೇಯಬಹುದು ಅಂತ ಕಾನೂನೇ ಬಿಟ್ಟಿತ್ತು. ನನಗೆ ಸಂಕಟವಾಗುವುದೂ ಅಲ್ಲೇ.

ಅಲಬಾಮಾದಲ್ಲಿ 67 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ, ತಾಲ್ಲೂಕು ಇದ್ದ ಹಾಗೆ. ಶೆರಿಫ್ ಜನರ ವೋಟಿನಿಂದ ಆರಿಸಿ ಬಂದವರು. ಅಲ್ಲಿನ ಪೊಲೀಸ್ ಕೆಲಸ, ಜೈಲು ಎರಡೂ ಅವರದ್ದೇ. ಒಬ್ಬ ಕೈದಿಯ ದಿನದ ಊಟಕ್ಕೆ ರಾಜ್ಯ ಸರ್ಕಾರ ಕೊಡುತ್ತಿದ್ದದ್ದು 1.75 ಡಾಲರ್. ಮೂರು ಹೊತ್ತಿಗೂ ಸೇರಿ ಅಷ್ಟೇ! ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾನೂನಿನ ಪ್ರಕಾರ, ಅದರಲ್ಲಿ ಉಳಿದದ್ದು ಶೆರಿಫ್‌ಗೆ. ಕಮ್ಮಿ ಬಿದ್ದರೆ ಅವರೇ ಕೈಯಿಂದ ಹಾಕಬೇಕು. ಅಂದರೆ ಕೈದಿಯ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾದರೆ ಶೆರಿಫ್‌ಗೆ ಅಷ್ಟು ಲಾಭ.

ಇದರ ಫಲ ಏನಾಯಿತು ಅಂತ ಮಾರ್ಗನ್ ಕೌಂಟಿಯಲ್ಲಿ ನೋಡಬೇಕು. ಹಂಟ್ಸ್‌ವಿಲ್‌ನ ಪಕ್ಕದ್ದೇ ಅದು. ಅಲ್ಲಿನ ಶೆರಿಫ್ ಗ್ರೆಗ್ ಬಾರ್ಟ್ಲೆಟ್, ಪಕ್ಕದ ಲೈಮ್‌ಸ್ಟೋನ್ ಕೌಂಟಿಯ ಶೆರಿಫ್ ಜೊತೆ ಸೇರಿ, ತಲಾ 500 ಡಾಲರ್ ಹಾಕಿ ಒಂದು ಟ್ರಕ್ ಕಾರ್ನ್‌ಡಾಗ್ ತರಿಸಿದರು. ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ, ಕಡ್ಡಿಗೆ ಚುಚ್ಚಿದ ಸಾಸೇಜ್ ಅದು. ಜಾತ್ರೆಯಲ್ಲಿ ಮಕ್ಕಳು ತಿನ್ನುವಂಥದ್ದು. ಮಾರ್ಗನ್ ಕೌಂಟಿಯ ಕೈದಿಗಳು ವಾರಗಟ್ಟಲೆ ಅದನ್ನೇ ತಿಂದರು. ಮೂರು ವರ್ಷದಲ್ಲಿ ಶೆರಿಫ್‌ಗೆ ಉಳಿದದ್ದು ಸುಮಾರು 2,12,000 ಡಾಲರ್. ಕೈದಿಗಳಿಗೆ ಸರಿಯಾದ ಊಟ ಕೊಡಬೇಕೆಂದು 2001ರಲ್ಲೇ ಕೋರ್ಟಿನ ಆದೇಶವಿತ್ತು. ಅದನ್ನು ಮುರಿದದ್ದಕ್ಕೆ 2009ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶ ಯು. ಡಬ್ಲ್ಯೂ. ಕ್ಲೆಮನ್ ಶೆರಿಫ್‌ರನ್ನೇ ಜೈಲಿಗೆ ಕಳಿಸಿದರು. ಒಂದು ರಾತ್ರಿ ಒಳಗಿದ್ದು, ಆ ಹಣವನ್ನೆಲ್ಲ ಊಟಕ್ಕೇ ಹಾಕುತ್ತೇನೆಂದು ಒಪ್ಪಿ ಹೊರಬಂದರು. ಆದರೆ ಕಾನೂನು ಹಾಗೇ ಉಳಿಯಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ಕೌಂಟಿ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣೆಗೆ ಕಾಯುತ್ತಿರುವವರು. ಅವರಿಗೆ ಯಾವ ಶಿಕ್ಷೆಯೂ ಆಗಿಲ್ಲ.

ಎಟೋವಾ ಕೌಂಟಿಯ ಕತೆ ಇನ್ನೊಂದು. 2011ರಲ್ಲಿ ಅಲ್ಲಿನ ಶೆರಿಫ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಊಟದ ಖಾತೆಯ ಹಣ ಅವರ ಆಸ್ತಿಗೆ ಸೇರಿಹೋಯಿತು. ಕೈದಿಗಳಿಗೆ ಊಟ ಹಾಕಲು 1,50,000 ಡಾಲರ್ ಸಾಲ ಮಾಡಬೇಕಾಯಿತು ಅಂತ ಮುಂದೆ ಬಂದ ಶೆರಿಫ್ ಟಾಡ್ ಎಂಟ್ರೆಕಿನ್ ಹೇಳಿದ್ದರು. ಅದೇ ಎಂಟ್ರೆಕಿನ್ ನಂತರ ಮೂರು ವರ್ಷದಲ್ಲಿ ಊಟದ ಹಣದಿಂದ 7,50,000 ಡಾಲರ್‌ಗಿಂತ ಜಾಸ್ತಿ ಬಂತು ಅಂತ ತಾವೇ ಘೋಷಿಸಿದ್ದರು. 2017ರಲ್ಲಿ ಅವರು ಸಮುದ್ರ ತೀರದಲ್ಲಿ 7,40,000 ಡಾಲರ್‌ನ ಮನೆಯನ್ನೂ ಕೊಂಡಿದ್ದರು. 2018ರ ಮಾರ್ಚ್‌ನಲ್ಲಿ ಸ್ಥಳೀಯ ಪತ್ರಕರ್ತರು ಇದನ್ನು ಬಯಲಿಗೆಳೆದರು. ತಾವು ಕಾನೂನು ಮೀರಿಲ್ಲ ಅಂತ ಅವರು ವಾದಿಸಿದರು. ಜೂನ್‌ನಲ್ಲಿ, ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಒಳಚುನಾವಣೆಯಲ್ಲಿ, ಅವರದೇ ಪಕ್ಷದ ಮತದಾರರು ಅವರನ್ನು ಸೋಲಿಸಿದರು. ಜನ ಸುಮ್ನೆ ಬಿಡಲಿಲ್ಲ ಎನ್ನುವುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಲಬಾಮಾದಲ್ಲಿ ಕೌಂಟಿಗಳಿಗೆ ಸ್ವಂತ ಅಧಿಕಾರ ತೀರಾ ಕಡಿಮೆ. ಸಣ್ಣಪುಟ್ಟದಕ್ಕೂ ರಾಜಧಾನಿ ಮಾಂಟ್‌ಗಮರಿಯ ಶಾಸನಸಭೆಯೇ ಒಂದೊಂದು ಕೌಂಟಿಗಾಗಿ ಬೇರೆ ಕಾನೂನು ಮಾಡಬೇಕು. ಅದಕ್ಕೆ ಸ್ಥಳೀಯ ಕಾನೂನು ಅಂತ ಹೆಸರು. ಮಂಡಿಸುವ ಮುಂಚೆ ಆ ಕೌಂಟಿಯ ಪತ್ರಿಕೆಯಲ್ಲಿ ನಾಲ್ಕು ವಾರ ಜಾಹೀರಾತು ಕೊಡಬೇಕು. ಅಲಬಾಮಾ ರಾಜ್ಯದ್ದೇ ಆದ 1901ರ ಸಂವಿಧಾನಕ್ಕೆ 900ಕ್ಕೂ ಹೆಚ್ಚು ತಿದ್ದುಪಡಿಗಳಾದದ್ದು ಹೀಗೇ. ಅದರಲ್ಲಿ ಹೆಚ್ಚಿನವು ಯಾವುದೋ ಒಂದು ಕೌಂಟಿಗೋ ಊರಿಗೋ ಮಾತ್ರ. ಊಟದ ಹಣವನ್ನೂ ಕೆಲವು ಕೌಂಟಿಗಳು ಇದೇ ದಾರಿಯಲ್ಲಿ ಸಾರ್ವಜನಿಕ ಖಾತೆಗೆ ತಂದವು. ಉಳಿದವು ತರಲಿಲ್ಲ. ಗಡಿ ದಾಟಿದರೆ ತಟ್ಟೆಯ ನ್ಯಾಯವೇ ಬೇರೆ. ರಸ್ತೆಗೋ ಸಂತೆಗೋ ಹೀಗೆ ಬೇರೆ ಬೇರೆ ನಿಯಮ ಇರಲಿ, ನಾನು ಒಪ್ಪುತ್ತೇನೆ. ಹಸಿವಿಗೆ ಇರಬಾರದಿತ್ತು.

2018ರ ಜುಲೈನಲ್ಲಿ ಗವರ್ನರ್ ಕೇ ಐವಿ, ಊಟದ ವ್ಯವಸ್ಥೆಗೆಂದು ಕೊಡುವ ಭತ್ಯೆ ಶೆರಿಫ್‌ಗಳ ಸ್ವಂತ ಕೈಗೆ ಹೋಗಬಾರದು ಅಂತ ಸೂಚಿಸಿದರು. 2019ರಲ್ಲಿ ಇಡೀ ರಾಜ್ಯಕ್ಕೆ ಕಾನೂನು ಬಂತು. ಅದನ್ನು ಮಂಡಿಸಿದವರು ಕಾರ್ನ್‌ಡಾಗ್ ಜೈಲಿದ್ದ ಡಿಕೇಟರ್‌ನ ಸೆನೆಟರ್ ಆರ್ಥರ್ ಆರ್. ದಿನದ ಮೊತ್ತ 2.25 ಡಾಲರ್‌ಗೆ ಏರಿತು. ಹಣ ಕೈದಿಗಳ ಊಟಕ್ಕೆಂದೇ ಇರುವ ಬೇರೆ ನಿಧಿಗೆ ಹೋಗಬೇಕು. ಸ್ವಂತಕ್ಕೆ ಒಂದು ಸೆಂಟೂ ಇಲ್ಲ.

ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ. ವರ್ಷದ ಕೊನೆಗೆ ಉಳಿದದ್ದರಲ್ಲಿ ಶೇ 25ರವರೆಗೆ ಜೈಲಿನ, ಪೊಲೀಸ್ ಕೆಲಸದ ಬೇರೆ ಖರ್ಚಿಗೆ ಬಳಸಬಹುದು. ಜೇಬಿಗಲ್ಲ, ನಿಜ. ಆದರೂ ಊಟದಲ್ಲಿ ಉಳಿಸುವ ಆಸೆಗೆ ಇದು ಮತ್ತೆ ನೀರೆರೆಯುತ್ತದೆ ಅಂತ ನನಗೆ ಭಯ. ಬಿಸಿಯೂಟದ ಲೆಕ್ಕ ಬರೆದ ನೀವು ಏನಂತೀರಿ? ದಯವಿಟ್ಟು ಮತ್ತೆ ಬರೆಯಿರಿ.

— ಸಂಪಾದಕ