ಆ ಡಬ್ಬಿಯನ್ನು ಸೊಸೆಗೆ ಕೊಟ್ಟವರು ಯಾರು?

ನಮಸ್ಕಾರ.

ದಕ್ಷಿಣ ಆಫ್ರಿಕಾದ ಫೊಲೆಲಾ ಆರೋಗ್ಯ ಕೇಂದ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಓದುವಾಗ ಸಿಟ್ಟು ಯಾಕೆ ಬಂತು ಅನ್ನೋದು ಗೊತ್ತಾಯಿತು. ಸಾಮಾನ್ಯವಾಗಿ ನಾವು ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗುತ್ತೇವೆ. ನಿಮ್ಮ ವಿಷಯದಲ್ಲಿ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ನೀವು ಒಪ್ಪಿದ್ದರಿಂದ ಈ ಪತ್ರವನ್ನು ಪತ್ರಿಕೆಯಲ್ಲೂ ಹಾಕುತ್ತಿದ್ದೇವೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ವಿಷಯ ಚೆನ್ನಾಗಿದೆ. ಕನ್ನಡದಲ್ಲಿ ಇದರ ಬಗ್ಗೆ ನಾನು ಓದಿದ್ದೇ ಇಲ್ಲ. ವರ್ಷಗಳು, ಹೆಸರುಗಳು ಸರಿಯಾಗಿವೆ. ಕಾಗುಣಿತದ ತಪ್ಪು ಒಂದೂ ಇಲ್ಲ. ನರ್ಸಿಂಗ್ ಓದುತ್ತಲೇ ಇಷ್ಟು ಹುಡುಕಿ ಬರೆದಿದ್ದೀರಿ, ಅದು ದೊಡ್ಡ ಕೆಲಸ.

ಓದುಗರಿಗೂ ವಿಷಯ ಗೊತ್ತಿರಲಿ. ಫೊಲೆಲಾ ಇರುವುದು ದಕ್ಷಿಣ ಆಫ್ರಿಕಾದಲ್ಲಿ ಆಗ ನಟಾಲ್ ಎನ್ನುತ್ತಿದ್ದ, ಈಗಿನ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ, ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಬುಡದಲ್ಲಿ. ಜುಲು ಜನರ ಸೀಮೆ. 1940ರಲ್ಲಿ ಸಿಡ್ನಿ ಕಾರ್ಕ್, ಎಮಿಲಿ ಕಾರ್ಕ್ ಎಂಬ ಡಾಕ್ಟರ್ ದಂಪತಿ ಅಲ್ಲಿಗೆ ಹೋದರು. ಅವರ ಜೊತೆ ಎಡ್ವರ್ಡ್ ಜಾಲಿ ಮತ್ತು ನರ್ಸ್ ಆಗಿದ್ದ ಅವರ ಹೆಂಡತಿ ಅಮೀಲಿಯಾ ಜಾಲಿ ಇದ್ದರು. ಇವರೆಲ್ಲ ಸೇರಿ ಒಂದು ಆರೋಗ್ಯ ಕೇಂದ್ರ ಕಟ್ಟಿದರು. ರೋಗಿ ಬರಲಿ ಎಂದು ಕಾಯುತ್ತಾ ಕೂರಲಿಲ್ಲ. ಜುಲು ಮಾತಾಡುವ ಆರೋಗ್ಯ ಸಹಾಯಕರು ಮನೆಮನೆಗೆ ಹೋಗಿ ಯಾರಿದ್ದಾರೆ, ಏನು ಉಣ್ಣುತ್ತಾರೆ, ಯಾರಿಗೆ ಕಾಯಿಲೆ ಎಂದು ಬರೆದುಕೊಂಡರು. ಔಷಧದ ಜೊತೆಗೆ ತರಕಾರಿ ತೋಟ, ಬೀಜ, ಹಾಲು, ಪಾಯಿಖಾನೆ ಎಲ್ಲವೂ ಆ ಕೇಂದ್ರದ ಕೆಲಸವೇ ಆಯಿತು. ಊಟಕ್ಕೂ ರೋಗಕ್ಕೂ ದುಡಿಮೆಗೂ ಇರುವ ನಂಟನ್ನು ಒಂದೇ ಕಡೆ ನೋಡಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಈಗ ನಿಮ್ಮ ಬರವಣಿಗೆಗೆ ಬರೋಣ.

ನಿಮ್ಮ ಮೊದಲ ಸಾಲು: ‘ಕತ್ತಲ ಖಂಡದಲ್ಲಿ ಬೆಳಕಿನ ಕಿರಣವೊಂದು ಮೂಡಿತು.’ ಇದನ್ನು ಹೊಡೆದು ಹಾಕಿ. ಆ ಹೆಸರು ಇಟ್ಟವರು ಅಲ್ಲಿನ ಜನ ಅಲ್ಲ. ಅವರ ನೆಲ ಕಸಿಯಲು ಹೋದವರ ಕಾಲದ ಮಾತು ಅದು. ಇದರ ಬಗ್ಗೆ ಇನ್ನು ಜಾಸ್ತಿ ಹೇಳುವುದಿಲ್ಲ.

ನನ್ನನ್ನು ಕಾಡಿದ್ದು ಬೇರೆ. ನಿಮ್ಮ ಲೇಖನದಲ್ಲಿ ಹದಿನೇಳು ವಾಕ್ಯಗಳು ‘ಲಾಯಿತು’ ಎಂದು ಮುಗಿಯುತ್ತವೆ. ಪ್ರಾರಂಭಿಸಲಾಯಿತು, ವಿತರಿಸಲಾಯಿತು, ಅರಿವು ಮೂಡಿಸಲಾಯಿತು. ಇದು ಶೈಲಿಯ ಮಾತು ಮಾತ್ರ ಆಗಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ. ಆದರೆ ಇಲ್ಲಿ ಆ ‘ಲಾಯಿತು’ ನಿಮ್ಮಿಂದ ತಪ್ಪು ಸಂಗತಿ ಬರೆಸಿದೆ. ಮೂರು ಕಡೆ. ಒಂದೊಂದಾಗಿ ನೋಡೋಣ.

ನಿಮ್ಮ ನಾಲ್ಕನೇ ಪ್ಯಾರಾದ ಸಾಲು ಇದು: ‘ಗರ್ಭಿಣಿಯರು ಹಾಲು ಕುಡಿಯಬಾರದೆಂಬ ಮೂಢನಂಬಿಕೆಯನ್ನು ನಿವಾರಿಸಲಾಯಿತು ಮತ್ತು ಹಾಲಿನ ಪುಡಿಯನ್ನು ವಿತರಿಸಲಾಯಿತು.’

ನಿವಾರಿಸಿದವರು ಯಾರು? ನಾನು ಪೆನ್ಸಿಲ್ ಹಿಡಿದು ಈ ಪ್ರಶ್ನೆ ಬರೆದಾಗಲೇ ನನಗೆ ಹೊಳೆದದ್ದು: ಯಾರೂ ನಿವಾರಿಸಲಿಲ್ಲ. ಆ ನಂಬಿಕೆ ಹಾಗೇ ಉಳಿಯಿತು.

ಫೊಲೆಲಾದಲ್ಲಿ ಕೆಲಸ ಮಾಡಿದ ಡಾಕ್ಟರ್ ಜಾನ್ ಕ್ಯಾಸೆಲ್ ಅವರ ಬರಹವೊಂದು 1955ರಲ್ಲಿ ಪ್ರಕಟವಾಯಿತು. ಅವರು ಹೇಳುವ ಕಥೆ ಹೀಗಿದೆ. ಜುಲು ಮನೆಯಲ್ಲಿ ದನ ಅಂದರೆ ಬರೀ ಆಸ್ತಿ ಅಲ್ಲ. ಆ ಮನೆತನದ ಹಿರಿಯರ ಜೊತೆ ಅದಕ್ಕೆ ನಂಟಿದೆ. ಒಂದು ಮನೆಯ ಹಸುವಿನ ಹಾಲನ್ನು ಆ ರಕ್ತದವರು ಮಾತ್ರ ಕುಡಿಯಬೇಕು. ಸೊಸೆ ಬೇರೆ ಮನೆತನದಿಂದ ಬಂದವಳು. ಗಂಡನ ಮನೆಯ ಹಾಲು ಅವಳದಲ್ಲ. ಮುಟ್ಟಾದಾಗ, ಬಸುರಿಯಾದಾಗ ಅವಳು ದನಗಳ ಹತ್ತಿರವೂ ಸುಳಿಯಬಾರದು. ಹೀಗಾಗಿ ಯಾರಿಗೆ ಹಾಲು ಎಲ್ಲರಿಗಿಂತ ಹೆಚ್ಚು ಬೇಕೋ ಅವಳಿಗೇ ಹಾಲಿಲ್ಲ. ತಿನ್ನಲು ಸಿಗುತ್ತಿದ್ದದ್ದು ಹೆಚ್ಚಾಗಿ ಮೆಕ್ಕೆಜೋಳ.

ಕೇಂದ್ರದವರು ಈ ನಂಬಿಕೆಯ ಮೇಲೆ ಯುದ್ಧಕ್ಕೆ ಹೋಗಲಿಲ್ಲ. ಹಾಲಿನ ಪುಡಿಯ ದಾರಿ ಹಿಡಿದರು. ಆ ಪುಡಿ ಯಾವ ಮನೆಯ ಹಸುವಿನದೂ ಅಲ್ಲ. ಅದು ಹಾಲಿನಿಂದಲೇ ಆದದ್ದು ಎಂದು ಊರಿನವರಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಆದರೂ ಅವರು ಅದನ್ನು ‘ಪುಡಿ’ ಎಂದರು, ‘ಹಿಟ್ಟು’ ಎಂದರು. ಹಾಲಿನ ಕಟ್ಟಳೆ ಪುಡಿಗೆ ಅನ್ವಯಿಸಲಿಲ್ಲ. ತುಂಬಾ ಸಂಪ್ರದಾಯಸ್ಥ ಗಂಡಂದಿರೂ, ಅತ್ತೆಯರೂ ಸೊಸೆ ಅದನ್ನು ಕುಡಿಯುವುದಕ್ಕೆ ಅಡ್ಡಿ ಮಾಡಲಿಲ್ಲ.

ನೋಡಿ, ಇಲ್ಲಿ ಎಷ್ಟು ಜನ ಇದ್ದಾರೆ! ಮನೆಗೆ ಬಂದು ಕೂತು ಮಾತಾಡಿದ ಆರೋಗ್ಯ ಸಹಾಯಕ ಇದ್ದಾನೆ. ಬಸುರಿ ಸೊಸೆ ಇದ್ದಾಳೆ. ಮುಖ್ಯವಾಗಿ ಅತ್ತೆ ಇದ್ದಾಳೆ. ಅವಳು ‘ಇದು ಪುಡಿ, ಕುಡಿಯಲಿ’ ಎಂದು ತೀರ್ಮಾನ ಮಾಡಿದ್ದಾಳೆ. ತನ್ನ ನಂಬಿಕೆಯನ್ನೂ ಉಳಿಸಿಕೊಂಡು ಸೊಸೆಯನ್ನೂ ಉಳಿಸಿಕೊಂಡಿದ್ದಾಳೆ. ಅದು ಅವಳ ಬುದ್ಧಿ. ನೀವು ‘ನಿವಾರಿಸಲಾಯಿತು’ ಎಂದು ಬರೆದಾಗ ಆ ಬುದ್ಧಿಯನ್ನು ಅವಳಿಂದ ಕಿತ್ತುಕೊಂಡಿರಿ. ಅವಳು ಮೂಢಳಾದಳು. ಯಾರೋ ಬಂದು ಅವಳನ್ನು ತಿದ್ದಿದ ಹಾಗಾಯಿತು. ನನಗೆ ಸಿಟ್ಟು ಬಂದದ್ದು ಇಲ್ಲೇ. ನನ್ನ ಅಜ್ಜಿಯನ್ನು ಯಾರಾದರೂ ಹೀಗೆ ಬರೆದಿದ್ದರೆ ಎಷ್ಟು ನೋವಾಗುತ್ತಿತ್ತೋ ಅಷ್ಟು ನೋವಾಯಿತು.

ಇನ್ನೊಂದು ಸಾಲು: ‘ಬಡತನದ ಕಾರಣ ಪುರುಷರು ಗಣಿಗಳತ್ತ ವಲಸೆ ಹೋಗುವಂತಾಯಿತು.’

‘ಹೋಗುವಂತಾಯಿತು’ ಅನ್ನುವುದೂ ಅದೇ ಜಾತಿಯ ಮಾತು. ಮಳೆ ಬಂದ ಹಾಗೆ ಬಡತನ ಬಂತೇ? 1913ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಪಾರ್ಲಿಮೆಂಟ್ ಒಂದು ಭೂ ಕಾನೂನು ಮಾಡಿತು. ದೇಶದ ಬಹುಪಾಲು ಜನರಾದ ಕಪ್ಪು ಜನರಿಗೆ ನೆಲದ ಶೇಕಡಾ 7ರಷ್ಟನ್ನು ಮಾತ್ರ ಬಿಟ್ಟಿತು. 1936ರಲ್ಲಿ ಅದನ್ನು ಶೇಕಡಾ 13ರಷ್ಟಕ್ಕೆ ಏರಿಸುವ ಮಾತಾಡಿತು. ಅಷ್ಟೇ ಜಾಗದಲ್ಲಿ ಅಷ್ಟೂ ಜನ, ಅಷ್ಟೂ ದನ. ಹುಲ್ಲು ಹೋಯಿತು, ಮಣ್ಣು ಕೊಚ್ಚಿಹೋಯಿತು. ಅದರ ಮೇಲೆ 1925ರ ಕಾನೂನಿನ ಪ್ರಕಾರ ಪ್ರತಿ ವಯಸ್ಕ ಆಫ್ರಿಕನ್ ಗಂಡಸು ವರ್ಷಕ್ಕೆ 1 ಪೌಂಡ್ ತಲೆಗಂದಾಯ ಕಟ್ಟಬೇಕಿತ್ತು. ಅದನ್ನು ನಗದಾಗಿಯೇ ಕಟ್ಟಬೇಕು. ನಗದು ಎಲ್ಲಿದೆ? ಜೊಹಾನ್ಸ್‌ಬರ್ಗ್‌ನ ಚಿನ್ನದ ಗಣಿಯಲ್ಲಿದೆ. ಗಂಡಸರು ಹೋದರು. ತಿಂಗಳುಗಟ್ಟಲೆ ಗಂಡಸರೇ ತುಂಬಿದ, ಕಾಂಪೌಂಡು ಎಂದು ಕರೆಯುತ್ತಿದ್ದ ಗಣಿಯ ವಸತಿಗಳಲ್ಲಿ ಉಳಿದರು. ಹೆಂಡತಿ ಮಕ್ಕಳನ್ನು ಕರೆತರಲು ಬಿಡುತ್ತಿರಲಿಲ್ಲ. ವಾಪಸ್ ಬರುವಾಗ ಕ್ಷಯವನ್ನೂ ಸಿಫಿಲಿಸ್ ಎಂಬ ಲೈಂಗಿಕ ರೋಗವನ್ನೂ ತಂದರು.

1949ರಲ್ಲಿ ಸಿಡ್ನಿ ಕಾರ್ಕ್ ಸಿಫಿಲಿಸ್ ಬಗ್ಗೆ ಬರೆದಾಗ ಇದನ್ನೇ ಹೇಳಿದರು. ಈ ರೋಗ ಹರಡಿದ ದಾರಿಯನ್ನು ಅವರು ಗಣಿ, ರೈಲು, ವಲಸೆ ಕೂಲಿ ಇವುಗಳ ಚರಿತ್ರೆಯಲ್ಲಿ ಹುಡುಕಿದರು. ಒಬ್ಬ ಡಾಕ್ಟರು ರೋಗದ ಬಗ್ಗೆ ಬರೆಯಲು ಕೂತು ದೇಶದ ದುಡಿಮೆಯ ಚರಿತ್ರೆಯವರೆಗೆ ಹೋದರು. ಆರೋಗ್ಯ ಮತ್ತು ಆರ್ಥಿಕತೆ ಒಂದಕ್ಕೊಂದು ಹೆಣೆದಿವೆ ಎಂದು ನೀವು ಮೊದಲ ಪುಟದಲ್ಲೇ ಹೇಳಿದ್ದೀರಿ, ಅಲ್ವಾ? ಹೆಣೆದದ್ದು ಎಲ್ಲಿ ಅನ್ನುವುದು ಇಲ್ಲಿದೆ. ಇದನ್ನೇ ನೀವು ಒಂದು ‘ಹೋಗುವಂತಾಯಿತು’ ಒಳಗೆ ಮುಚ್ಚಿಬಿಟ್ಟಿದ್ದೀರಿ. ಕೇಂದ್ರದವರು ಬೀಜ ಕೊಡಬಲ್ಲರು. ಅಂಗಳದಲ್ಲಿ ಮಾದರಿ ತೋಟ ಮಾಡಿ ತೋರಿಸಬಲ್ಲರು. ಆ ಹೆಂಗಸಿನ ಗಂಡನನ್ನು ಗಣಿಯಿಂದ ಬಿಡಿಸಿ ತರುವ ಶಕ್ತಿ ಅವರಿಗಿರಲಿಲ್ಲ. ಆ ಮಿತಿಯೂ ನಿಮ್ಮ ಲೇಖನದಲ್ಲಿ ಕಾಣಬೇಕು.

ಇಲ್ಲಿ ನನ್ನ ಒಂದು ಹಳೇ ನೆನಪು ಹೇಳಲೇಬೇಕು.

ನಾನು ಒಂದು ಸಣ್ಣ ವಾರಪತ್ರಿಕೆಗೆ ಸೇರಿದ ಹೊಸತು. ಇಪ್ಪತ್ತೆರಡು ವಯಸ್ಸು. ಒಂದು ಹಳ್ಳಿಯಲ್ಲಿ ವಾಂತಿಭೇದಿ ಹಬ್ಬಿ ಮಕ್ಕಳು ತೀರಿಕೊಂಡಿದ್ದರು. ನನ್ನನ್ನು ಕಳಿಸಿದರು. ನಾನು ಹೋಗಿ ಬಂದು ರಾತ್ರಿಯೆಲ್ಲ ಕೂತು ಬರೆದೆ. ‘ಗ್ರಾಮಕ್ಕೆ ಕಲುಷಿತ ನೀರನ್ನು ಪೂರೈಸಲಾಗಿತ್ತು. ಈ ಬಗ್ಗೆ ಹಲವು ಬಾರಿ ದೂರು ಸಲ್ಲಿಸಲಾಗಿತ್ತು.’ ದೊಡ್ಡ ಪತ್ರಿಕೆಗಳಲ್ಲಿ ಹೀಗೇ ಬರೆಯುತ್ತಾರೆ ಎಂದು ನನಗೆ ಹೆಮ್ಮೆ. ನಮ್ಮ ಸಂಪಾದಕರು ಕೆಂಪು ಪೆನ್ನಿನಲ್ಲಿ ಎರಡು ಕಡೆ ‘ಯಾರು?’ ಎಂದು ಬರೆದು ಹಾಳೆ ವಾಪಸ್ ಕೊಟ್ಟರು. ‘ಗೊತ್ತಿದ್ದರೆ ಬರಿ. ಗೊತ್ತಿಲ್ಲದಿದ್ದರೆ ಬಸ್ಸು ಹತ್ತು’ ಎಂದರು.

ನನಗೆ ಗೊತ್ತಿರಲಿಲ್ಲ. ಬಸ್ಸು ಹತ್ತಿದೆ. ನೀರಿನ ಪೈಪು ಚರಂಡಿಯ ಒಳಗೇ ಹಾದು ಹೋಗಿತ್ತು. ಅಲ್ಲಿ ಒಡೆದು ತಿಂಗಳಾಗಿತ್ತು. ಪೈಪು ಎಳೆಸಿದವರ ಹೆಸರು ಊರಿನವರಿಗೆಲ್ಲ ಗೊತ್ತಿತ್ತು, ನಾನು ಕೇಳಿರಲಿಲ್ಲ ಅಷ್ಟೇ. ದೂರು ಕೊಟ್ಟವರು ಯಾರು ಎಂದು ಹುಡುಕಿದಾಗ ಒಬ್ಬ ತಾಯಿಯ ಮನೆ ತೋರಿಸಿದರು. ಮೊದಲ ಸಲ ಹೋದಾಗ ಅವರ ಮನೆಯಲ್ಲೇ ನಾನು ಟೀ ಕುಡಿದಿದ್ದೆ. ನೀರು ವಾಸನೆ ಬರುತ್ತಿದೆ ಎಂದು ಹೇಳಲು ಅವರು ಕೂಲಿ ಬಿಟ್ಟು ಮೂರು ಸಲ ಪಟ್ಟಣಕ್ಕೆ ಹೋಗಿದ್ದರು. ಮೂರನೇ ಸಲ ಹೋಗಿ ಬರುವಷ್ಟರಲ್ಲಿ ಅವರ ಮಗಳಿಗೆ ಭೇದಿ ಶುರುವಾಗಿತ್ತು. ಅವರ ಮೂರು ದಿನದ ಕೂಲಿ, ಮೂರು ದಿನದ ನಡಿಗೆ, ಎಲ್ಲವನ್ನೂ ನಾನು ‘ಸಲ್ಲಿಸಲಾಗಿತ್ತು’ ಎಂಬ ಒಂದು ಪದದಲ್ಲಿ ಮುಗಿಸಿದ್ದೆ. ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ಹೊಸಬರ ಬರಹ ಓದುವಾಗ ಕೆಂಪು ಪೆನ್ನು ಬೇಡ ಎಂದು ನಾನು ಪೆನ್ಸಿಲ್ ಹಿಡಿಯುತ್ತೇನೆ. ಕೇಳುವ ಪ್ರಶ್ನೆ ಮಾತ್ರ ಅದೇ.

ಮತ್ತೆ ನಿಮ್ಮ ಲೇಖನಕ್ಕೆ. ಕೊನೆಯ ಪ್ಯಾರಾ: ‘ಕಾಲಾನಂತರ ಯೋಜನೆಯನ್ನು ಸ್ಥಗಿತಗೊಳಿಸಲಾಯಿತು.’

ಇದನ್ನು ಓದಿದವರಿಗೆ ಕೆಲಸ ಮುಗಿದಿತ್ತೇನೋ, ಇಲ್ಲ ಸೋತಿತ್ತೇನೋ ಅನ್ನಿಸುತ್ತದೆ. ಎರಡೂ ಅಲ್ಲ. 1942ರಲ್ಲಿ ಹೆನ್ರಿ ಗ್ಲುಕ್ಮನ್ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಆಯೋಗ ಮಾಡಿತು. ಫೊಲೆಲಾದ ಅನುಭವ ಆ ಆಯೋಗದ ಕಣ್ಣ ಮುಂದಿತ್ತು. ದೇಶದ ಉದ್ದಗಲಕ್ಕೂ ಸುಮಾರು 400 ಆರೋಗ್ಯ ಕೇಂದ್ರಗಳು ಬೇಕು ಎಂದು 1944ರಲ್ಲಿ ಅದು ಹೇಳಿತು. ಎಲ್ಲ ಬಣ್ಣದ ಜನರಿಗೂ ಒಂದೇ ಸೇವೆ ಸಿಗಬೇಕು ಎಂದಿತು. ಗ್ಲುಕ್ಮನ್ 1945ರಲ್ಲಿ ಆರೋಗ್ಯ ಮಂತ್ರಿಯೂ ಆದರು. ಸುಮಾರು 40 ಕೇಂದ್ರಗಳು ಶುರುವಾದವು. 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದಿತು. ವರ್ಣಭೇದವನ್ನೇ ನೀತಿ ಮಾಡಿಕೊಂಡ ಸರ್ಕಾರ ಅದು. ಕಪ್ಪು ಜನ ಗಟ್ಟಿಯಾಗಿ ಎದ್ದು ನಿಲ್ಲುವುದು ಅದಕ್ಕೆ ಬೇಕಿರಲಿಲ್ಲ. ಕೇಂದ್ರಗಳಿಗೆ ಕೊಟ್ಟ ಬೆಂಬಲವನ್ನು ಅದು ಹಿಂದಕ್ಕೆ ತೆಗೆದುಕೊಳ್ಳುತ್ತಾ ಹೋಯಿತು. ಕಾರ್ಕ್ ದಂಪತಿ 1958ರಲ್ಲಿ ದೇಶ ಬಿಟ್ಟರು. ‘ಸ್ಥಗಿತಗೊಳಿಸಲಾಯಿತು’ ಎಂದರೆ ಆ ಸರ್ಕಾರದ ಪರವಾಗಿ ನೀವೇ ಮುಚ್ಚಿಟ್ಟ ಹಾಗಾಗುತ್ತದೆ. ನಿಮಗೆ ಅಂಥ ಉದ್ದೇಶ ಇಲ್ಲ ಎಂದು ನನಗೆ ಗೊತ್ತು. ಆದರೆ ವ್ಯಾಕರಣ ಆ ಕೆಲಸ ಮಾಡಿಬಿಟ್ಟಿದೆ.

ಅಮೆರಿಕದ ಡಾಕ್ಟರ್ ಜ್ಯಾಕ್ ಗೈಗರ್ ವಿಚಾರ ನೀವು ಸರಿಯಾಗಿ ಬರೆದಿದ್ದೀರಿ. 1957ರಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿ ಫೊಲೆಲಾಕ್ಕೆ ಬಂದಿದ್ದ ಅವರು ಅಮೆರಿಕಕ್ಕೆ ಮರಳಿ ಮಿಸಿಸಿಪಿಯ ಮೌಂಡ್ ಬಾಯುವಿನಲ್ಲಿ ಬಡ ಕಪ್ಪು ಜನರಿಗಾಗಿ ಅಂಥದ್ದೇ ಕೇಂದ್ರ ಕಟ್ಟಿದರು, ಹಸಿದ ಮಕ್ಕಳಿಗೆ ಔಷಧದ ಚೀಟಿಯಲ್ಲಿ ಊಟ ಬರೆದುಕೊಟ್ಟರು. ಆ ಪ್ಯಾರಾದಲ್ಲಿ ಒಂದೂ ‘ಲಾಯಿತು’ ಇಲ್ಲ. ಗಮನಿಸಿದಿರಾ? ‘ಗೈಗರ್ ಬರೆದುಕೊಟ್ಟರು’ ಎಂದು ನೇರವಾಗಿ ಬರೆದಿದ್ದೀರಿ. ಡಾಕ್ಟರು ಮಾಡಿದ್ದನ್ನು ಬರೆಯುವಾಗ ನಿಮ್ಮ ವಾಕ್ಯಕ್ಕೆ ಕರ್ತೃ ಸಿಗುತ್ತಾನೆ. ಜುಲು ಹೆಂಗಸರು ಮಾಡಿದ್ದನ್ನು ಬರೆಯುವಾಗ ಸಿಗುವುದಿಲ್ಲ. ಇದು ಬರೆಯುವ ನಮ್ಮೆಲ್ಲರಿಗೂ ಅಂಟಿಕೊಂಡ ಅಭ್ಯಾಸ. ಹೆಸರು ಗೊತ್ತಿರುವವರು ಮಾತ್ರ ಕೆಲಸ ಮಾಡಿದವರು ಎಂದುಕೊಳ್ಳುತ್ತೇವೆ. ಹೆಸರು ಗೊತ್ತಿಲ್ಲದಿದ್ದರೂ ‘ಅತ್ತೆ ಒಪ್ಪಿದಳು’ ಎಂದು ಬರೆಯಬಹುದು. ‘ಹೆಂಗಸರು ಪಾತಿ ಮಾಡಿ ಬೀಜ ಹಾಕಿದರು’ ಎಂದು ಬರೆಯಬಹುದು. ತೋಟ ಅಗೆದದ್ದು ಅವರೇ. ಅದಕ್ಕೆ ಬೇಲಿ ಕಟ್ಟಿ, ನೀರು ಹೊತ್ತು ಹಾಕಿ, ಬೆಳೆದ ಸೊಪ್ಪು ಬೇಯಿಸಿ ಮಕ್ಕಳಿಗೆ ತಿನ್ನಿಸಿದ್ದೂ ಅವರೇ.

ಲೇಖನವನ್ನು ಹಾಲಿನ ಪುಡಿಯಿಂದ ಶುರು ಮಾಡಿ. ಅತ್ತೆ, ಸೊಸೆ, ಮಧ್ಯೆ ಒಂದು ಡಬ್ಬಿ. ಕಾರ್ಕ್ ದಂಪತಿ ಎರಡನೇ ಪುಟಕ್ಕೆ ಬಂದರೂ ಸಾಕು. ಉಳಿದ ವಿಷಯಗಳ ಬಗ್ಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಈ ಒಂದು ಸರಿಯಾದರೆ ಅವು ತಾವೇ ಸರಿಹೋಗುತ್ತವೆ ಎಂಬ ನಂಬಿಕೆ ನನಗಿದೆ.

ನಿಮ್ಮ ಹಾಳೆಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅಂಚಿನಲ್ಲಿ ಹದಿನೇಳು ಕಡೆ ಪೆನ್ಸಿಲಿನಲ್ಲಿ ‘ಯಾರು?’ ಎಂದಿದೆ. ಕೆಲವಕ್ಕೆ ಉತ್ತರ ಮೇಲೆ ಬರೆದಿದ್ದೇನೆ. ಉಳಿದವನ್ನು ನೀವು ಹುಡುಕಿ ತುಂಬಿ ಕಳಿಸಿ. ಅವಸರ ಇಲ್ಲ. ಮುಂದಿನ ಸಂಚಿಕೆಗಾದರೂ ಸರಿ, ಅದರ ಮುಂದಿನದಕ್ಕಾದರೂ ಸರಿ, ನಾಲ್ಕು ಪುಟ ನಿಮಗಾಗಿ ಬಿಟ್ಟಿರುತ್ತೇನೆ.