ಮಿಸೆಸ್ ಸೇನ್ ಮತ್ತು ಈಳಿಗೆ ಮಣೆ

ನೀವು ಕೇಳಿರೋದು: ಅಮೆರಿಕದ ಕಥೆ, ಕಾದಂಬರಿಗಳಲ್ಲಿ ಬರುವ ನಮ್ಮ ಕಡೆಯ ಹೆಂಗಸರು ಯಾಕೆ ಯಾವಾಗಲೂ "ನಾನು ಯಾರು" ಅಂತ ಒದ್ದಾಡುತ್ತಾರೆ, ನಿಜವಾಗಲೂ ಹಾಗೇನಾ?

ಹೌದು, ಒದ್ದಾಟ ನಿಜ. ಆದರೆ ಎರಡು ಸಂಸ್ಕೃತಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನೋ ವಿವರಣೆ ನನಗೆ ಒಪ್ಪಿಗೆಯಿಲ್ಲ. ಊರಲ್ಲಿ ನಾಲ್ಕು ಜನ ನಮ್ಮನ್ನು ಯಾವ ಕೆಲಸದಿಂದ ಗುರುತಿಸುತ್ತಿದ್ದರೋ ಅದು ಇಲ್ಲಿ ಯಾರಿಗೂ ಬೇಕಿರುವುದಿಲ್ಲ. ಕಷ್ಟ ಶುರುವಾಗೋದು ಅಲ್ಲಿಂದ.

ನಾನು 2011ರಲ್ಲಿ ಗಂಡನ ಜೊತೆ ಒಹಾಯೋಗೆ ಬಂದೆ. ಅದಕ್ಕೆ ಮೊದಲು ಶಿವಮೊಗ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿ ಕೆಲಸಕ್ಕೆ ಬಂದವರ ಹೆಂಡತಿ ಅಥವಾ ಗಂಡನಿಗೆ ಸಿಗುವ ಎಚ್-4 ವೀಸಾದಲ್ಲಿ ಆಗ ದುಡಿಯುವ ಹಾಗೇ ಇರಲಿಲ್ಲ. (2015ರಿಂದ ಕೆಲವರಿಗೆ ಪರ್ಮಿಟ್ ಸಿಗುತ್ತಿದೆ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ.) ಆ ಚಳಿಗಾಲ ಲೈಬ್ರರಿಯಲ್ಲಿ ಝುಂಪಾ ಲಾಹಿರಿಯ ಕಥಾಸಂಕಲನ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್' ಸಿಕ್ಕಿತು. 2000ದಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದ ಪುಸ್ತಕ.

ಅದರ ಒಂದು ಕಥೆಯಲ್ಲಿ ಮಿಸೆಸ್ ಸೇನ್ ಅಂತ ಒಬ್ಬರು ಬರುತ್ತಾರೆ. ಗಂಡ ಗಣಿತದ ಪ್ರೊಫೆಸರ್. ಮಗು ನೋಡಿಕೊಳ್ಳುತ್ತೇನೆ ಅಂತ ಹಾಕಿದ ಜಾಹೀರಾತಿನಲ್ಲೂ ಅವರು ಬರೀ ಪ್ರೊಫೆಸರ್ ಹೆಂಡತಿ. ಅವರ ಸ್ವಂತ ಹೆಸರೇನು ಅಂತ ಕಥೆ ಮುಗಿದರೂ ಗೊತ್ತಾಗಲ್ಲ. ದಿನಾ ನೆಲಕ್ಕೆ ಪೇಪರ್ ಹಾಸಿ, ಬಾಗಿದ ಅಲಗಿನ ಮುಂದೆ ಕೂತು ತರಕಾರಿ ಹೆಚ್ಚುತ್ತಾರೆ. ನಮ್ಮ ಈಳಿಗೆ ಮಣೆ ಥರದ್ದೇ ಅದು! ಅವರು ನೋಡಿಕೊಳ್ಳುವ 11 ವರ್ಷದ ಹುಡುಗ ಎಲಿಯಟ್ ಸೋಫಾ ಮೇಲೆ ಕೂತು ನೋಡುತ್ತಿರುತ್ತಾನೆ. ಊರಲ್ಲಿ ಮದುವೆ ಅಂದರೆ ಹೆಂಗಸರೆಲ್ಲ ತಮ್ಮ ತಮ್ಮ ಈಳಿಗೆ ತಂದು, ಹರಟುತ್ತಾ, ನಗುತ್ತಾ, ರಾತ್ರಿಯಿಡೀ 50 ಕೆಜಿ ತರಕಾರಿ ಹೆಚ್ಚುತ್ತಿದ್ದರು, ಆ ಮಾತು ಕೇಳುತ್ತಾ ನಿದ್ದೆಯೇ ಬರುತ್ತಿರಲಿಲ್ಲ ಅಂತ ಅವನಿಗೆ ಹೇಳುತ್ತಾರೆ. ಇಲ್ಲಿ ಸದ್ದೇ ಇಲ್ಲದ್ದಕ್ಕೆ ನಿದ್ದೆ ಬರಲ್ಲವಂತೆ.

ಪುಸ್ತಕ ಮಡಚಿಟ್ಟೆ. ಚಿಕ್ಕಮ್ಮನ ಮದುವೆಯ ಹಿಂದಿನ ರಾತ್ರಿ ಅಜ್ಜಿ ಮನೆ ಹಜಾರದಲ್ಲಿ ಸಾಲಾಗಿ ಈಳಿಗೆ ಮಣೆ, ಪಕ್ಕದಲ್ಲಿ ಬೂದುಗುಂಬಳದ ಹೋಳಿನ ರಾಶಿ, ಎಲ್ಲ ಕಣ್ಣ ಮುಂದೆ ಬಂತು.

ಭಾರತಿ ಮುಖರ್ಜಿಯ ಕಾದಂಬರಿ 'ಜಾಸ್ಮಿನ್' (1989) ಇದಕ್ಕೆ ಪೂರ್ತಿ ಉಲ್ಟಾ. ಪಂಜಾಬಿನ ಜ್ಯೋತಿ ಜಾಸ್ಮಿನ್ ಆಗಿ, ಜೇಸ್ ಆಗಿ, ಜೇನ್ ಆಗಿ ಹಳೇದನ್ನೆಲ್ಲ ಕಳಚುತ್ತಾ ಹೋಗುತ್ತಾಳೆ. ಅವಳ ಧೈರ್ಯ ಇಷ್ಟವಾಯಿತು. ಆದರೆ ಆ ಮೂರೂ ಹೆಸರು ಅವಳ ಬದುಕಿಗೆ ಬಂದ ಗಂಡಸರು ಇಟ್ಟವು, ಅದು ಮನಸ್ಸಿಗೆ ಚುಚ್ಚುತ್ತದೆ ಅಲ್ವಾ?

ಓದೋದಾದರೆ ಮಿಸೆಸ್ ಸೇನ್ ಕಥೆಯಿಂದ ಶುರು ಮಾಡಿ. ಒಂದು ಸಂಜೆಗೆ ಮುಗಿಯುತ್ತದೆ. ಕಾರು ಓಡಿಸೋಕೆ ಜೀವ ಹೋಗುವಷ್ಟು ಹೆದರುವ ಅವರು ತಾಜಾ ಮೀನು ತರೋಕೆ ಅಂತ ಕಾರು ಹತ್ತುವ ಜಾಗ ಬಂದಾಗ ನಿಧಾನವಾಗಿ ಓದಿ. ಒಂದು ಮೀನಿಗಾಗಿ ಯಾಕಿಷ್ಟು ಅಂತ ಅನ್ನಿಸಿದರೆ ಇಲ್ಲೇ ಕೇಳಿ, ಬರೆಯುತ್ತೇನೆ.